ಗುಗ್ಗರಿ ಬೆಂದ ಮಧ್ಯಾಹ್ನ

ನಾವು ಸಣ್ಣವರಿದ್ದ ಕಾಲಕ್ಕೆ ಇಂಡಿ ಪಟ್ಟಣದ ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟಿದ್ದವು. ಗಿರಣಿಗೆ ಜೋಳ ಕಳಿಸುವ ಮುಂಚೆ ಪ್ರತಿ ಮನೆಯಲ್ಲೂ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಅದು ದೇವರ ಹಿಡಿ. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಆಯಿಯದು, ಅಪ್ಪನ ತಾಯಿಯದು. ನಾನು ಕೈ ಹಾಕಲು ಹೋದರೆ, "ನಿನ್ನ ಮುಷ್ಟಿ ಭಾಳ ಸಣ್ಣದೈತಿ, ದೇವ್ರು ಉಪವಾಸ ಬೀಳ್ತಾನ" ಎಂದು ನಗುತ್ತಿದ್ದಳು. ಕ್ರಿಸ್‌ಮಸ್ಸಿಗೆ ಮುಂಚೆ ಬರುವ ಕೃತಜ್ಞತಾ ಹಬ್ಬದಂದು ಎಲ್ಲ ಡಬ್ಬಿಗಳನ್ನೂ ಪ್ರಾರ್ಥನಾ ಮಂದಿರದ ಚಾಪೆಯ ಮೇಲೆ ಸುರಿಯುತ್ತಿದ್ದೆವು. ಮೇಣದ ಬತ್ತಿಯ ವಾಸನೆಯಲ್ಲಿ ಜೋಳದ ಧೂಳಿನ ವಾಸನೆ ಬೆರೆತು ಮೂಗು ತುರಿಸುತ್ತಿತ್ತು. ನನಗೆ ಹಬ್ಬ ಎಂದರೆ ಇಂದಿಗೂ ಆ ತುರಿಕೆ.

ಆ ವರ್ಷ ಹಬ್ಬಕ್ಕಿಂತ ಮೊದಲು ಭೀಮಾ ನದಿ ಬಂತು. ಅಗರಖೇಡದ ಆಚೆಗೆ, ನದಿಯ ದಂಡೆಯ ಮೇಲಿದ್ದ ಒಂದು ಸಣ್ಣ ಹಳ್ಳಿ ಪೂರ್ತಿ ನೀರಿಗೆ ಹೋಯಿತು. ಅದು ಆಯಿಯ ತವರು.

ಆಯಿ ಅಲ್ಲಿ ಹೊಲ, ಎತ್ತು ಇದ್ದ ಮನೆಯ ಮಗಳು. ಮಿಷನ್ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿನ ಕಂಪೌಂಡರನನ್ನು, ಅಂದರೆ ನನ್ನ ಅಜ್ಜನನ್ನು ಮದುವೆಯಾಗಿ, ದೀಕ್ಷಾಸ್ನಾನ ತೆಗೆದುಕೊಂಡ ಮೇಲೆ ಅವಳ ಅಣ್ಣ ಮಲ್ಲಪ್ಪ ಅವಳಿಗೆ ಆ ಮನೆಯ ಬಾಗಿಲು ಮುಚ್ಚಿದ. ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದನಂತೆ. ಇದನ್ನು ನನಗೆ ಹೇಳಿದ್ದು ಅಪ್ಪ. ಆಯಿ ಅದರ ಬಗ್ಗೆ ಎಂದೂ ಮಾತಾಡಿದವಳಲ್ಲ.

ಭಾನುವಾರದ ಆರಾಧನೆ ಮುಗಿದ ಮೇಲೆ ಸಭೆಯ ಪಾಲಕರಾದ ಅಯ್ಯನವರು, ಡಬ್ಬಿಯ ಜೋಳವನ್ನು ಹಬ್ಬಕ್ಕೆ ದೇವರೆದುರು ಅರ್ಪಿಸಿ ಆಮೇಲೆ ನೆರೆ ಸಂತ್ರಸ್ತರಿಗೆ ಕಳಿಸೋಣವೇ ಎಂದು ಕೇಳಿದರು. ಹೆಂಗಸರ ಸಾಲಿನಿಂದ ಆಯಿ ಎದ್ದು ನಿಂತಳು.

"ಹಬ್ಬ ಬರೂತನಕ ಅವರು ಏನ್ ತಿನ್ನಬೇಕ್ರಿ, ಅಯ್ಯನೋರ?"

ಮರುದಿನವೇ ಟ್ರ್ಯಾಕ್ಟರ್ ಹೊರಟಿತು. ಕೆಳಗೆ ತೊಗರಿ ಕಟ್ಟಿಗೆ ಹಾಸಿ ಮೇಲೆ ಜೋಳದ ಚೀಲಗಳನ್ನು, ಉಪ್ಪು-ಮೆಣಸಿನಕಾಯಿ-ಉಳ್ಳಾಗಡ್ಡಿಯ ಗಂಟನ್ನು, ಕುಡಿಯುವ ನೀರಿನ ಕೊಡಗಳನ್ನು ಹೇರಿದ್ದರು. ಶಾಲೆಗೆ ರಜೆ ಇದ್ದುದರಿಂದ ನಾನೂ ಆಯಿಯ ಪಕ್ಕ ಕುಳಿತೆ. ನದಿ ಇಳಿದಿತ್ತು. ದಾರಿಯ ಜಾಲಿಕಂಟಿಗಳಲ್ಲಿ ಸೀರೆಗಳು ಸಿಕ್ಕಿಕೊಂಡಿದ್ದವು. ಒಂದು ಹೊಲದ ನಡುವೆ ಚೌಕಟ್ಟಿನ ಸಮೇತ ಬಾಗಿಲೊಂದು ಬಿದ್ದಿತ್ತು. ಎಮ್ಮೆಯೊಂದು ಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು. ಆಯಿ ನನ್ನ ಕಣ್ಣಿಗೆ ಸೆರಗು ಹಿಡಿದಳು. ಆದರೆ ವಾಸನೆ ಸೆರಗಿನೊಳಗೂ ಬಂತು.

ಊರ ಜನ ದಿನ್ನೆಯ ಮೇಲಿನ ಶಾಲೆಯಲ್ಲಿದ್ದರು. ಚೀಲ ಇಳಿಸಿದೆವು. ಒಬ್ಬ ಹೆಂಗಸು ಒಂದು ಚೀಲದ ಬಾಯಿ ಬಿಚ್ಚಿ ನೋಡಿ ಜೋರಾಗಿ ನಕ್ಕಳು.

"ಅಯ್ಯನೋರ, ನಮ್ಮೂರ ಗಿರಣಿ ನೀರಾಗ ಮುಣಗೈತ್ರಿ. ಇದನ್ನ ಹಂಗ ಕುಕ್ಕಿ ತಿನ್ನಾಕ ನಾವೇನ್ ಗುಬ್ಬಿ ಅದೇವೇನ್ರಿ?"

ಅಯ್ಯನವರ ಮುಖ ಸಣ್ಣದಾಯಿತು. ದಿನಾ ರೊಟ್ಟಿ ತಿನ್ನುವ ಇಡೀ ಸಭೆಯಲ್ಲಿ ಒಬ್ಬರಿಗೂ ಹಿಟ್ಟಿನ ನೆನಪಾಗಿರಲಿಲ್ಲ.

ಆಯಿ ಕೊಡ ಕೆಳಗಿಟ್ಟು, "ಗುಗ್ಗರಿ ಹಾಕೂನು" ಎಂದಳು.

ನಗು ನಿಂತುಹೋಯಿತು. ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಹಸಿ ಕಾಳನ್ನು ಯಾರ ಕೈಯಿಂದಲಾದರೂ ತೆಗೆದುಕೊಳ್ಳಬಹುದಿತ್ತು. ಬೇಯಿಸಿದ್ದರ ಲೆಕ್ಕ ಬೇರೆ. ನಾವು ಜೋಳ ಕೊಟ್ಟು ಮರಳಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಶಾಲೆಯ ಬಿಸಿಯೂಟದ ದೊಡ್ಡ ಪಾತ್ರೆ ಸಿಕ್ಕಿತು. ಮೂರು ಕಲ್ಲಿಟ್ಟು ತೊಗರಿ ಕಟ್ಟಿಗೆ ಹಚ್ಚಿದರು. ಕಂಬಕ್ಕೆ ಒರಗಿ ಬಿಳಿ ಮೀಸೆಯ ಮುದುಕನೊಬ್ಬ ನಿಂತಿದ್ದ. ಧೋತರ ಮೊಣಕಾಲಿನ ತನಕ ಕೆಸರಾಗಿತ್ತು. ಎಲ್ಲರೂ ಅವನನ್ನು ನೋಡುತ್ತಿದ್ದರು, ಆಯಿಯೊಬ್ಬಳನ್ನು ಬಿಟ್ಟು.

"ಯಾರ್ ಆಯಿ ಅವ್ರು?"

"ನಮ್ಮಣ್ಣ. ಕಟಗಿ ಮುಂದಕ್ಕ ಸರಸು."

ಜೋಳ ಬೇಗ ಬೇಯುವುದಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಾಳು ಬಿರಿಯಿತು. ಉಪ್ಪು, ಕುಟ್ಟಿದ ಒಣಮೆಣಸಿನಕಾಯಿ, ಹೆಚ್ಚಿದ ಉಳ್ಳಾಗಡ್ಡಿ ಬಿದ್ದಾಗ ಅಂಗಳದ ಕೆಸರಿನ ವಾಸನೆ ಹಿಂದೆ ಸರಿಯಿತು. ಅಯ್ಯನವರು ಎರಡೇ ಮಾತಿನಲ್ಲಿ ದೇವರಿಗೆ ವಂದನೆ ಹೇಳಿದರು. ಯಾರೂ ಮುಂದೆ ಬರಲಿಲ್ಲ. ಹೆಜ್ಜೆ ಇಟ್ಟ ಮಕ್ಕಳನ್ನು ತಾಯಂದಿರು ಹಿಂದಕ್ಕೆ ಎಳೆದುಕೊಂಡರು.

ಆಯಿ ಒಂದು ತಟ್ಟೆ ತುಂಬಿಕೊಂಡು ಕಂಬದ ಕಡೆ ನಡೆದಳು. ಕೆಲವು ಕಾಳು ಕೆಳಗೆ ಬಿದ್ದವು.

"ಅಣ್ಣಾ, ಉಪ್ಪು ಹಿಡದೈತೇನು ನೋಡು."

ಮಲ್ಲಪ್ಪ ತಟ್ಟೆಯನ್ನೇ ನೋಡಿದ. "ಮಂದಿ ನೋಡಾಕತ್ತೈತಿ, ಶಾಂತಾ."

"ನೋಡ್ಲಿ ಬಿಡು. ಎಷ್ಟಂತ ನೋಡ್ತಾರ?"

ಅವನು ಧೋತರಕ್ಕೆ ಕೈ ಒರೆಸಿಕೊಂಡ. ಚಿಟಿಕೆ ಗುಗ್ಗರಿ ಬಾಯಿಗೆ ಹಾಕಿಕೊಂಡ. ಹಲ್ಲು ಕಡಿಮೆ ಇದ್ದುದರಿಂದ ಬಹಳ ಹೊತ್ತು ಅಗಿದ. ಅವನ ಗಂಟಲು ಏರಿ ಇಳಿದದ್ದನ್ನು ನಾನು ಕಂಡೆ.

"ಉಪ್ಪು ಕಡಿಮಿ ಐತಿ," ಎಂದ. "ನಿನ್ನ ಕೈ ಹುಟ್ಟಿದಾಗಿಂದ ಹಿಂಗ ಐತಿ."

ಮೊದಲು ನಕ್ಕವಳು ಗುಬ್ಬಿಯ ಮಾತಾಡಿದ ಹೆಂಗಸು. ಆಮೇಲೆ ಇಡೀ ಅಂಗಳ ಪಾತ್ರೆಯ ಸುತ್ತ ಬಂತು. ಅಯ್ಯನವರು ಸೌಟು ಹಿಡಿದು ಬೆವತುಹೋದರು. ಪಾತ್ರೆಯ ತಳ ಕೆರೆಯುವ ಸದ್ದು ಕೇಳುವವರೆಗೂ ಯಾರೂ ಕದಲಲಿಲ್ಲ.

ಹೊರಡುವಾಗ ಮಲ್ಲಪ್ಪನ ಹೆಂಡತಿ ಗಂಗವ್ವ ಟ್ರ್ಯಾಕ್ಟರಿನ ಮುಂದೆ ಬಂದು ನಿಂತಳು. ಬೊಗಸೆಯಲ್ಲಿ ನಮ್ಮದೇ ಚೀಲದ ಜೋಳವಿತ್ತು.

"ತವರಿಗೆ ಬಂದಾಕಿ ಖಾಲಿ ಉಡ್ಯಾಗ ಹೋಗಬಾರದು, ಶಾಂತಕ್ಕ. ನೀ ತಂದದ್ದನ್ನ ನಿನಗ ತುಂಬಾಕತ್ತೇನಿ, ಬ್ಯಾಸರಾ ಮಾಡ್ಕೋಬ್ಯಾಡ. ಕುಬಸದ ಬಟ್ಟಿ ಇಲ್ಲ, ಕೊಬ್ರಿ ಇಲ್ಲ. ಅರಿಷಿಣ-ಕುಂಕುಮದ ಬಟ್ಟಲಾ ಹೊಳಿ ಒಯ್ದೈತಿ."

ಆಯಿ ಅಯ್ಯನವರ ಕಡೆ ನೋಡಿದಳು.

"ತವರಿನ ಉಡಿ ಐತ್ರಿ, ಹಿಡೀರಿ," ಎಂದರು ಅವರು.

ಆಯಿ ಸೆರಗು ಒಡ್ಡಿದಳು. ಇಂಡಿ ಮುಟ್ಟುವ ತನಕ ಆ ಗಂಟಿನಿಂದ ಕೈ ತೆಗೆಯಲಿಲ್ಲ.

ಕೃತಜ್ಞತಾ ಹಬ್ಬದಂದು ಎಲ್ಲರ ಡಬ್ಬಿಗಳಲ್ಲಿ ಇದ್ದದ್ದು ಅಷ್ಟಿಷ್ಟೇ. ಆಯಿ ತನ್ನ ಉಡಿಯ ಜೋಳವನ್ನು ಚಾಪೆಯ ಮೇಲೆ ಸುರಿದಳು. ನಾನು ಕಂಡ ಅತ್ಯಂತ ಸಣ್ಣ ರಾಶಿ ಅದು. ಅದರ ಮುಂದೆ ನಿಂತು ಅವಳು ಹಾಡಿದಷ್ಟು ಗಟ್ಟಿಯಾಗಿ ಆ ಮಂದಿರದಲ್ಲಿ ಮತ್ತೆ ಯಾರೂ ಹಾಡಿದ್ದು ಕೇಳಿಲ್ಲ.

ಈಗ ಅಣ್ಣತಂಗಿ ಇಬ್ಬರೂ ಇಲ್ಲ. ಹೋದ ಕ್ರಿಸ್‌ಮಸ್ಸಿಗೆ ಮಲ್ಲಪ್ಪನ ಮರಿಮೊಮ್ಮಗಳು ನಮ್ಮ ಮನೆಗೆ ಬಂದಿದ್ದಳು. ನನ್ನ ಮಗನ ತಟ್ಟೆಯೊಳಗಿನ ಕರ್ಚಿಕಾಯಿ ಕಸಿದು, ಅರ್ಧ ಕಚ್ಚಿ, ಉಳಿದರ್ಧ ಅವನ ಬಾಯಿಗೇ ತುರುಕಿದಳು. "ಏ, ಎಂಜಲ!" ಎಂದು ಅವನು ಕೂಗಿದ, ತಿಂದೂ ತಿಂದ. ಮನೆ ತುಂಬ ಜನರಿದ್ದರು, ಒಬ್ಬರೂ ತಿರುಗಿ ನೋಡಲಿಲ್ಲ. ನೋಡುವಂಥದ್ದು ಅಲ್ಲೇನೂ ಇರಲಿಲ್ಲ. ನಾನೊಬ್ಬಳೇ ಕೈಯಲ್ಲಿ ಸೌಟು ಹಿಡಿದು ನಿಂತಿದ್ದೆ. ಅದನ್ನು ಕಂಡು ಕಣ್ಣೊರೆಸಿಕೊಳ್ಳಬೇಕಾದ ಆಯಿ ನಮ್ಮೊಳಗೆ ಇರಲಿಲ್ಲ.