ನೀಲಿ ತಂಡದ ಹಸಿರು ಅಂಗಿ

ಗಲ್ಫಿನಲ್ಲಿ, ನಮ್ಮ ಊರಿನ ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಯೊಂದಕ್ಕೆ ಸಿಸಿಟಿವಿ ಕ್ಯಾಮೆರಾ ಹಾಕಲು ಹೋಗಿದ್ದೆ. ಗೋಡೆಯ ಮೇಲೆ ಹಳೆಯ ಕ್ರಿಕೆಟ್ ತಂಡದ ಫೋಟೋ ಇತ್ತು. ಎಲ್ಲರದ್ದೂ ನೀಲಿ ಅಂಗಿ, ನಡುವಿನ ಒಬ್ಬನದ್ದು ಮಾತ್ರ ಹಸಿರು.

“ಅದು ನಾನೇ,” ಎಂದರು ಮಾಲೀಕರು, ಭಟ್ಕಳದ ಹಿರಿಯರು. “ಗೆಳೆಯರಿಗೆ ಬೌಲರ್ ಬೇಕಿತ್ತು. ನನ್ನನ್ನು ಊರಾಚೆ ಮುಸಫ್ಫಾದ ಹಸಿರು ತಂಡಕ್ಕೆ ಕೊಟ್ಟು ಅಲ್ಲಿಯವನನ್ನು ತಂದರು. ಬೇಜಾರಲ್ಲಿ ಮಾತೇ ಬಿಟ್ಟಿದ್ದೆ. ಫೈನಲ್‌ನಲ್ಲಿ ಗೆಳೆಯರು ನಮ್ಮ ಹಸಿರು ತಂಡವನ್ನೇ ಸೋಲಿಸಿದರು. ಆಮೇಲೆ ನನ್ನನ್ನು ಎಳೆದು ತಂದು ನಡುವೆ ನಿಲ್ಲಿಸಿ, ‘ನಿನ್ನನ್ನು ಕೊಟ್ಟದ್ದು ಆಟಕ್ಕೆ, ಫೋಟೋಗಲ್ಲ’ ಅಂದರು.”

“ಆ ಬೌಲರ್ ಯಾರು ಇದರಲ್ಲಿ?”

“ಫೋಟೋ ತೆಗೆದದ್ದೇ ಅವನು. ಪಾಪ, ಹೆಸರೇ ನೆನಪಿಗೆ ಬರುವುದಿಲ್ಲ.”

ಕೆಲಸ ಮುಗಿಸಿ ಹೊರಟಾಗ ಅವರು ತಡೆದು ಕೇಳಿದರು, “ನಿಮ್ಮ ಹೆಸರೆಂತ?”

ಯಾವ ಗಿರಾಕಿಯೂ ಕೇಳಿದ್ದಿಲ್ಲ. ಖುಷಿಯಿಂದ ಹೇಳಿದೆ. ಮುಂದಿನ ಸಲ ಹೋದಾಗ ಬಾಗಿಲಿಗೇ ಬಂದು ಕೈ ಹಿಡಿದುಕೊಂಡರು: “ಬನ್ನಿ ಕ್ಯಾಮೆರಾದವರೇ, ಚಾ ಕುಡಿಯುವ.”