ಫಸ್ಟ್ ಗೇರಿಗೆ ಹಿಂದಕ್ಕೆ ಹೋದ ಜೀಪು

ಹಿಂದೂಪುರದ ಗುಜರಿಯಲ್ಲಿ ನನ್ನ ಗುಡ್ಡ ಹತ್ತುವ ಜೀಪಿಗೆ ಹಿಂದಿನ ಆಕ್ಸಲ್ ಎಂಟೇ ಸಾವಿರಕ್ಕೆ ಸಿಕ್ಕಿತು, ಏಕೆಂದರೆ ಅದು ಬೇರೆ ಗಾಡಿಯದು. ಸ್ಪ್ರಿಂಗಿಗೆ ಸರಿಯಾಗಿ ಕೂರಲಿಲ್ಲ. ಸ್ಪ್ರಿಂಗ್ ಕೂರುವ ಜಾಗ ಬದಲಿಸುವ ವೆಲ್ಡಿಂಗ್ ಖರ್ಚು ಉಳಿಸಲು ಅದನ್ನು ಮೆಕ್ಯಾನಿಕ್ ಕೈಲಿ ತಲೆಕೆಳಗಾಗಿ ಹಾಕಿಸಿದೆ. ಹಾಗೆ ಹಾಕಿದರೆ ಚಕ್ರಗಳೂ ಉಲ್ಟಾ ತಿರುಗುತ್ತವೆಂದು ಇಬ್ಬರಿಗೂ ಹೊಳೆಯಲಿಲ್ಲ.

ಕಲ್ಯಾಣದುರ್ಗದಿಂದ ಬಂದ ಗಿರಾಕಿ, ನನ್ನ ಶೆಡ್ಡಿನ ಎದುರಿನ ದಿಬ್ಬ ಹತ್ತಿಸಿದರೆ ಜೀಪು ಕೊಳ್ಳುವುದಾಗಿ ಹೇಳಿದ್ದರು. ಫಸ್ಟ್ ಗೇರ್ ಹಾಕಿದೆ. ಜೀಪು ಹಿಂದಕ್ಕೆ ಹೋಗಿ ಶೆಡ್ಡಿನೊಳಗೆ ನಿಂತಿತು.

“ಗಾಡಿಗೇ ನಿನ್ನ ಬಿಟ್ಟು ಬರಾಕೆ ಇಷ್ಟ ಇಲ್ಲ ಕಣಪ್ಪ,” ಅಂದರು ಗಿರಾಕಿ.

“ರಿವರ್ಸ್ ಹಾಕಿದ್ರೆ ಮುಂದಕ್ ಹೋಯ್ತದೆ ಅಣ್ಣಾ,” ಅಂದೆ.

“ಕಲ್ಯಾಣದುರ್ಗದ ತನಕ ರಿವರ್ಸ್‌ನಾಗೇ ಹೋಗ್ಲಾ?” ಎಂದವರೇ ಬಸ್ಸು ಹತ್ತಿದರು.

ನೀವು ಬೇರೆ ಗಾಡಿಯ ಆಕ್ಸಲ್ ಹಾಕಿಸಿದರೆ, ಮೊದಲು ಹಿಂದಿನ ಚಕ್ರಗಳನ್ನು ಜಾಕಿಯಲ್ಲಿ ಎತ್ತಿ, ಗೇರ್ ಹಾಕಿ, ಯಾವ ಕಡೆ ತಿರುಗುತ್ತವೆ ನೋಡಿಕೊಳ್ಳಿ. ಗಿರಾಕಿಗೆ ಆಮೇಲೆ ಫೋನ್ ಮಾಡಿ.