ಪರದೆ ತಿಂದ ಮರ್ಯಾದೆ

ಎಂಟು ಜಿಬಿ ಮೆಮೊರಿ ಎಂದು ತಂದ ಕಂಪ್ಯೂಟರ್, ತನ್ನ ಕೈಯಲ್ಲಿರುವುದು ಏಳು ಚಿಲ್ಲರೆ ಮಾತ್ರ ಎಂದು ತೋರಿಸಿದಾಗ ಮನೆಯವರೆಲ್ಲ ಅಂಗಡಿಯವನನ್ನು ಬೈದರು. ನಾನು ಬೈಯಲಿಲ್ಲ. ಉಳಿದದ್ದನ್ನು ಪರದೆಯ ಚಿತ್ರಕ್ಕೆಂದು ಅದೇ ಎತ್ತಿಟ್ಟುಕೊಂಡಿರುತ್ತದೆ. ಈ ಪಾಠ ನನಗೆ ಎಂಬತ್ತರ ದಶಕದಲ್ಲೇ ಆಗಿತ್ತು, ಅದೂ ಚನ್ನಗಿರಿಯಲ್ಲಿ, ಸಾಹೇಬರೊಬ್ಬರ ಎದುರಿಗೆ.

ಆಗ ನಾನು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಶಾಲೆಗೆ ಬಂದ ಕಂಪ್ಯೂಟರಿನ ಒಟ್ಟು ಮೆಮೊರಿ ಮೂವತ್ತೆರಡು ಕೆ, ಅಂದರೆ ಕಿಲೋಬೈಟ್. ಈಗಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸದು. ಮದುವೆ ಚಪ್ಪರದಲ್ಲಿ ಮಂಟಪವನ್ನೇ ದೊಡ್ಡದು ಮಾಡಿದರೆ ಊಟದ ಪಂಕ್ತಿಗೆ ಜಾಗ ಸಾಲದಲ್ಲ, ಇದರದ್ದೂ ಅದೇ ಪಾಡು. ಬರೀ ಅಕ್ಷರವಾದರೆ ಪರದೆಗೆ ಒಂದು ಕೆ ಸಾಕು. ಬಣ್ಣದ ಚಿತ್ರ ಬೇಕೆಂದರೆ ಇಪ್ಪತ್ತು ಕೆ ಅದಕ್ಕೇ ಮೀಸಲು. ಯಂತ್ರದ ಸ್ವಂತ ಖರ್ಚು ಕಳೆದರೆ ಪ್ರೋಗ್ರಾಮಿಗೆ ಉಳಿಯುವುದು ಮೂಲೆಯಲ್ಲೊಂದು ಎಲೆ ಹಾಕುವಷ್ಟು ಜಾಗ.

ಶಿವಮೊಗ್ಗದಿಂದ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿಯಾಯಿತು. ಯಂತ್ರವನ್ನು ನಾವು ಬಳಸುತ್ತಿಲ್ಲ ಎನಿಸಿದರೆ ಅದನ್ನು ಹೊನ್ನಾಳಿಯ ಶಾಲೆಗೆ ಕೊಡುತ್ತಾರಂತೆ. ಹೊನ್ನಾಳಿಯವರ ಮೇಲೆ ನಮಗೇನೂ ಸಿಟ್ಟಿಲ್ಲ, ಆದರೆ ಕೊಡುವಷ್ಟು ಪ್ರೀತಿಯೂ ಇರಲಿಲ್ಲ. ನಾನು ಮಗ್ಗಿ ಕೇಳುವ ಪ್ರೋಗ್ರಾಮ್ ಬರೆದೆ. ತಪ್ಪು ಹೇಳಿದರೆ ಅದು ಇಂಗ್ಲಿಷ್ ಅಕ್ಷರಗಳಲ್ಲಿ ‘ಪರವಾಗಿಲ್ಲ, ದಯವಿಟ್ಟು ಇನ್ನೊಮ್ಮೆ ಯೋಚಿಸಿ’ ಎನ್ನುತ್ತಿತ್ತು. ತರಗತಿಯಲ್ಲಿ ನಾನು ಎಂದೂ ಆಡದ ಮಾತು.

ಹೆಡ್ಮಾಸ್ತರರಿಗೆ ಅಷ್ಟು ಸಾಲಲಿಲ್ಲ. ಶುರುವಿಗೆ ಮೂರು ಬಣ್ಣದ ಬಾವುಟ ಬರಬೇಕು ಎಂದರು. ಪರದೆಯೆಂದು ನಮ್ಮಲ್ಲಿದ್ದದ್ದು ಅವರ ಮನೆಯಿಂದಲೇ ತಂದ ಕಪ್ಪು-ಬಿಳುಪು ಟಿವಿ.

“ಸಾರ್, ಬಣ್ಣ ಕಾಣೋದೇ ಇಲ್ಲ. ಸುಮ್ನೆ ಜಾಗ ತಿಂತೈತೆ,” ಎಂದೆ.

“ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತೇನ್ರೀ? ಒಳಗೆ ಐತಲ್ಲ, ಸಾಕು. ಸಾಹೇಬ್ರ ಮುಂದೆ ಹಂಗೇ ಶುರು ಮಾಡಾಕೆ ಆಗಲ್ಲ.”

ಬಾವುಟ ಸೇರಿಸಿದೆ. ಯಂತ್ರ ಜಾಗವಿಲ್ಲ ಎಂದಿತು. ಲೆಕ್ಕ ತೆಗೆಯುವಂತಿರಲಿಲ್ಲ, ಹಾಗಾಗಿ ಮಾತು ತೆಗೆದೆ. ಮೊದಲು ಸ್ವಾಗತ ಹೋಯಿತು, ಆಮೇಲೆ ಶಹಬ್ಬಾಸ್, ಪರವಾಗಿಲ್ಲ, ದಯವಿಟ್ಟು. ಕೊನೆಗೆ ಉಳಿದದ್ದು ಎರಡೇ: ಸರಿ, ತಪ್ಪು.

ಸಾಹೇಬರು ಬಂದರು. ಬೂದಿ ಬಣ್ಣದ ಮೂರು ಪಟ್ಟಿಗಳಿಗೆ ಎಲ್ಲರೂ ಎದ್ದು ನಿಂತೆವು. ಯಂತ್ರದ ಮುಂದೆ ಮಕ್ಕಳನ್ನು ಕೂರಿಸೋಣವೆಂದರೆ ಸಾಹೇಬರು ತಾವೇ ಕುರ್ಚಿ ಎಳೆದುಕೊಂಡು ಕೂತರು. ಯಂತ್ರ ಹದಿನೇಳೆಂಟಲಿ ಎಷ್ಟು ಎಂದು ಕೇಳಿತು. ಅವರು ನೂರಿಪ್ಪತ್ತಾರು ಎಂದು ಒತ್ತಿದರು.

ತಪ್ಪು.

ಸಾಹೇಬರು ಅದೇ ಉತ್ತರವನ್ನು ಇನ್ನಷ್ಟು ಜೋರಾಗಿ ಒತ್ತಿದರು. ಅವರ ಆಫೀಸಿನಲ್ಲಿ ಅದು ನಡೆಯುತ್ತಿತ್ತೇನೋ. ಮತ್ತೆ ತಪ್ಪು. ಹೆಡ್ಮಾಸ್ತರರು ಕರವಸ್ತ್ರ ತೆಗೆದರು. ಯಂತ್ರ ಹೊನ್ನಾಳಿ ಬಸ್ಸು ಹತ್ತಿತೆಂದು ನನಗೆ ನಿಜಕ್ಕೂ ಸಂಕಟವಾಯಿತು. ಸಾಹೇಬರು ಬೆರಳು ಮಡಚಿ ಲೆಕ್ಕ ಹಾಕಿ, ನೂರಮೂವತ್ತಾರು ಒತ್ತಿದರು. ಸರಿ ಎಂದು ಬಂದಾಗ ಅವರ ಮುಖದಲ್ಲಿ ಮಗುವಿನ ಖುಷಿ ಇತ್ತು.

“ಮಿಷನ್ ಇಲ್ಲೇ ಇರ್ಲಿ ಬಿಡ್ರಿ,” ಎಂದು ಎದ್ದರು. “ಇಷ್ಟು ವರ್ಷದ ಸರ್ವೀಸಿನಾಗೆ ನಂಗೆ ತಪ್ಪು ಅಂತ ಒಬ್ರೂ ಅಂದಿಲ್ಲ. ಇನ್ನೂ ಏನೇನು ತಪ್ಪು ಹೇಳ್ಕೊಂಡು ಬಂದೀನೋ, ಯಾರಿಗೆ ಗೊತ್ತು.”